ಪಂಚಮಿಗೆ ಹಾಲೆರೆದ ಮನೆಗೇ ಹಾವು ಬಂತು. ದೇವರು ಒಳ್ಳೆಯವನು ಅಂತ ವೈನಿಗೆ ಹೇಗೆ ಹೇಳಲಿ?

ಕೃಷ್ಣಾ_ದಂಡೆ (ಜಮಖಂಡಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯಲೋ ಬೇಡವೋ ಅಂತ ಬಹಳ ದಿನ ತಡೆದೆ. ಇನ್ನು ಮೂರು ವಾರಕ್ಕೆ ನಾಗರ ಪಂಚಮಿ. ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಹೋದ ಶ್ರಾವಣದಲ್ಲಿ ನಮ್ಮ ಅಣ್ಣ-ವೈನಿಯ ಮಗಳು ತೀರಿಕೊಂಡಳು. ಆರು ವರ್ಷದ ಕೂಸು. ಪಂಚಮಿಗೆ ಅವ್ವನ ಜೊತೆ ಗುಡಿ ಮುಂದಿನ ಕಲ್ಲಿನ ನಾಗಪ್ಪನಿಗೆ ಹಾಲೆರೆಯಲು ಹೋಗಿದ್ದಳು. ನಮ್ಮ ಕಡೆ ಹಾಲೆರೆಯುವಾಗ ಒಬ್ಬೊಬ್ಬರ ಹೆಸರು ಹಿಡಿದು ಪಾಲು ಹೇಳುತ್ತಾರೆ, ಗೊತ್ತಲ್ವಾ? ದೇವರ ಪಾಲು, ಅಜ್ಜನ ಪಾಲು, ಅಪ್ಪನ ಪಾಲು, ಕಾಕಾನ ಪಾಲು. ಅವಳು ಎಲ್ಲರದ್ದೂ ಮುಗಿಸಿ ಕೊನೆಗೆ "ನಮ್ಮ ಕರುವಿನ ಪಾಲು" ಅಂದಳು. ಸುತ್ತ ನಿಂತ ಹೆಂಗಸರೆಲ್ಲ ನಕ್ಕರು.

ಅದಾಗಿ ಹನ್ನೊಂದನೇ ದಿನ. ರಾತ್ರಿ ಎಲ್ಲರ ಹಾಗೆ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಳು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊಟ್ಟೆನೋವು ಅಂದಳು. ಶೇಂಗಾ ಉಂಡಿ ಜಾಸ್ತಿ ತಿಂದಿರಬೇಕು ಅಂತ ಓಂಕಾಳು ಕುದಿಸಿದ ನೀರು ಕುಡಿಸಿದೆವು. ಎರಡು ಸಲ ವಾಂತಿ ಆಯಿತು. ಆರು ಗಂಟೆಗೆ ಕಣ್ಣಿನ ರೆಪ್ಪೆ ತಾನಾಗಿಯೇ ಇಳಿಯತೊಡಗಿತು. "ಕಾಕಾ, ನೀ ಎರಡೆರಡು ಕಾಣಾಕತ್ತಿ" ಅಂದಳು. ಆಗ ಯಾರೋ ಹಾವು ಮುಟ್ಟಿರಬೇಕು ಅಂದರು. ಪಕ್ಕದ ಊರಲ್ಲಿ ಮಂತ್ರ ಹಾಕುವವರ ಹತ್ತಿರ ಒಯ್ದೆವು. ಅಲ್ಲಿ ಒಂದೂವರೆ ತಾಸು ಹೋಯಿತು. ಆಮೇಲೆ ಆಸ್ಪತ್ರೆ. ಅಲ್ಲಿ ಇಂಜೆಕ್ಷನ್ ಇತ್ತು, ಉಸಿರಾಟದ ಯಂತ್ರ ಇರಲಿಲ್ಲ. ದೊಡ್ಡ ಊರಿಗೆ ಒಯ್ಯಿರಿ ಅಂದರು. ದಾರಿಯಲ್ಲಿ ನನ್ನ ತೊಡೆಯ ಮೇಲೆ ಹೋದಳು.

ಮಣ್ಣು ಕೊಟ್ಟು ಬಂದ ಮೇಲೆ ಊರಿನ ಹಿರಿಯರೊಬ್ಬರು ವೈನಿಯ ಎದುರು ಕೂತು, "ಹಿಂದಿನ ಜನ್ಮದ್ದು ಯವ್ವಾ, ಅದರ ಲೆಕ್ಕ ಅಷ್ಟ ಇತ್ತು" ಅಂದರು. ಸಮಾಧಾನಕ್ಕೇ ಹೇಳಿದರು, ಗೊತ್ತು. ಆದರೆ ಆವತ್ತಿನಿಂದ ವೈನಿಯ ಬಾಯಲ್ಲಿ ಒಂದೇ ಮಾತು. "ನನ್ನ ಕೂಸು ಏನ್ ಪಾಪ ಮಾಡಿತ್ತು?" ಜಗಲಿ ಮೇಲಿನ ದೇವರಿಗೆ ದೀಪ ಹಚ್ಚುತ್ತಾರೆ, ಕೈ ಮುಗಿಯುವುದಿಲ್ಲ.

ಮೊನ್ನೆ ನನ್ನನ್ನು ಕೇಳಿದರು. "ನೀನರ ಹೇಳಪಾ, ಸಾಲಿ ಕಲಿಸಾಂವ ಅದಿ. ಈ ಸಲ ಹಾಲ ಎರೀಲೋ ಬ್ಯಾಡೋ?" ನನಗೆ ಉತ್ತರ ಬರಲಿಲ್ಲ.

ನಾನು ನಂಬುವವನು. ದಿನಾ ಇಷ್ಟಲಿಂಗ ಪೂಜೆ ಮಾಡುತ್ತೇನೆ. ದೇವರು ಒಳ್ಳೆಯವನು, ಎಲ್ಲ ಬಲ್ಲವನು, ಎಲ್ಲ ಅವನ ಕೈಯಲ್ಲಿದೆ ಅಂತ ಮಕ್ಕಳಿಗೆ ಹೇಳಿಕೊಡುತ್ತೇನೆ. ಮೂರೂ ನಿಜವಾದರೆ ಆ ರಾತ್ರಿ ಯಾಕೆ ಹಾಗಾಯಿತು? ವಾದ ಗೆಲ್ಲುವ ಮಾತು ಬೇಡ. ವೈನಿಯ ಮುಂದೆ ಕೂತು ಹೇಳಬಹುದಾದ ಮಾತು ಇದ್ದರೆ ಹೇಳಿ.

ಸೂತ್ರಪಾಠ (ವಿಜಯಪುರ)

ಗುರುಗಳೇ, ಓದಿ ಬಹಳ ಹೊತ್ತು ಸುಮ್ನೆ ಕೂತೆ. ಆ ಕೂಸಿನ ಆತ್ಮಕ್ಕೆ ಶಾಂತಿ ಸಿಗಲಿ.

ನಾನು ಸಂಸ್ಕೃತ ಪಾಠ ಹೇಳುವವನು. ನೀವು ಕೇಳಿದ್ದು ದೇವರನ್ನು ನಂಬುವವರೇ ಬಹಳ ಹಿಂದೆ ಕೇಳಿಕೊಂಡ ಪ್ರಶ್ನೆ. ಬ್ರಹ್ಮಸೂತ್ರದ ಎರಡನೇ ಅಧ್ಯಾಯ, ಮೊದಲ ಪಾದ, 34ನೇ ಸೂತ್ರ ಇದನ್ನೇ ಎತ್ತಿಕೊಳ್ಳುತ್ತದೆ. ಅಲ್ಲಿ ದೇವರ ಮೇಲೆ ಎರಡು ಆರೋಪ ಇವೆ. ಒಂದು ವೈಷಮ್ಯ, ಅಂದರೆ ಪಕ್ಷಪಾತ. ಇನ್ನೊಂದು ನೈರ್ಘೃಣ್ಯ, ಅಂದರೆ ಕರುಣೆ ಇಲ್ಲದಿರುವುದು. ಒಬ್ಬರಿಗೆ ಸುಖ, ಇನ್ನೊಬ್ಬರಿಗೆ ದುಃಖ ಕೊಟ್ಟವನು ಪಕ್ಷಪಾತಿ ಅಲ್ಲವೇ? ಹುಟ್ಟಿಸಿ ಕೊಲ್ಲುವವನು ಕ್ರೂರಿ ಅಲ್ಲವೇ?

ಅಲ್ಲ ಅನ್ನುತ್ತದೆ ಸೂತ್ರ. ದೇವರು ಮನಸ್ಸಿಗೆ ಬಂದ ಹಾಗೆ ಕೊಡುವುದಿಲ್ಲ, ಜೀವಿಗಳ ಕರ್ಮವನ್ನು ನೋಡಿ ಕೊಡುತ್ತಾನೆ. ಶಂಕರರು ಇಲ್ಲಿ ಮಳೆಯ ಹೋಲಿಕೆ ಕೊಡುತ್ತಾರೆ. ಮಳೆ ಎಲ್ಲ ಬೀಜಕ್ಕೂ ಒಂದೇ. ಆದರೆ ಭತ್ತ ಭತ್ತವಾಗಿ, ಜವೆಗೋಧಿ ಜವೆಗೋಧಿಯಾಗಿ ಬೆಳೆಯುವುದು ಬೀಜದ ಗುಣದಿಂದ. ಹಾಗಾದರೆ ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು ಅಂತ ಕೇಳಿದರೆ, ಸಂಸಾರಕ್ಕೆ ಆದಿಯೇ ಇಲ್ಲ ಅಂತ ಮುಂದಿನ ಸೂತ್ರ ಹೇಳುತ್ತದೆ. ಮಧ್ವರು ಹೇಳುವುದು ಸ್ವಲ್ಪ ಬೇರೆ. ಜೀವರ ಸ್ವಭಾವವೇ ಅನಾದಿಯಿಂದ ಬೇರೆ ಬೇರೆ ಅನ್ನುತ್ತಾರೆ. ಆದರೆ ದೇವರಲ್ಲಿ ದೋಷ ಇಲ್ಲ ಅನ್ನುವುದರಲ್ಲಿ ಇಬ್ಬರೂ ಒಂದೇ.

ಕೂಸು ಹೋದದ್ದು ದೇವರ ಕ್ರೌರ್ಯದಿಂದ ಅಲ್ಲ. ಇಷ್ಟು ಗಟ್ಟಿಯಾದರೆ ಮನಸ್ಸಿಗೆ ಆಧಾರ ಸಿಗುತ್ತದೆ. ನನಗೆ ಸಿಕ್ಕಿದೆ.

ನವನಗರ_ಸೆಕ್ಟರ್ (ಬಾಗಲಕೋಟೆ)

ಸೂತ್ರಪಾಠ ಸರ್, ಗೌರವದಿಂದಲೇ ಹೇಳುತ್ತೇನೆ. ಆ ಹಿರಿಯರು ವೈನಿಗೆ ಹೇಳಿದ್ದನ್ನೇ ನೀವೂ ಹೇಳಿದಿರಿ. ಅವರು ಆಡುಮಾತಿನಲ್ಲಿ ಹೇಳಿದರು, ನೀವು ಸೂತ್ರದ ಸಂಖ್ಯೆ ಕೊಟ್ಟು ಹೇಳಿದಿರಿ. ಆ ಮಾತು ಆ ತಾಯಿಗೆ ಏನು ಮಾಡಿದೆ ಅಂತ ಗುರುಗಳು ಮೊದಲೇ ಬರೆದಿದ್ದಾರೆ.

ನನಗೆ ದೇವರಲ್ಲಿ ನಂಬಿಕೆ ಇಲ್ಲ. ಯಾಕೆ ಹೋಯಿತು ಅಂತ ಹೇಳುತ್ತೇನೆ. ನಾನು ಇಂಡಿ ತಾಲ್ಲೂಕಿನಲ್ಲಿ ಬೆಳೆದವನು. 1993ರಲ್ಲಿ ನನಗೆ ಹನ್ನೆರಡು ವರ್ಷ. ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕರ ಸುಮಾರು. ನಮ್ಮ ಮನೆಯ ನೆಲುವಿನ ಮೇಲಿನ ಗಡಿಗೆಗಳು ಒಂದಕ್ಕೊಂದು ಬಡಿದು ಸದ್ದಾಯಿತು. ಅಪ್ಪ ನಮ್ಮನ್ನೆಲ್ಲ ಎಬ್ಬಿಸಿ ಅಂಗಳಕ್ಕೆ ದಬ್ಬಿದರು. ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಅಂತ ಬೆಳಗಾದ ಮೇಲೆ ರೇಡಿಯೊದಲ್ಲಿ ಗೊತ್ತಾಯಿತು. ಹಿಂದಿನ ದಿನ ಅನಂತ ಚತುರ್ದಶಿ. ಗಣಪತಿ ಕಳಿಸಿ, ಕುಣಿದು, ದಣಿದು ಮಲಗಿದ್ದ ಜನ. ಹತ್ತು ಸಾವಿರದಷ್ಟು ಮಂದಿ ಸತ್ತರು. ದೇವರ ಕೆಲಸ ಮುಗಿಸಿ ಬಂದು ಮಲಗಿದ ರಾತ್ರಿಯೇ!

ಮುಂದೆ ಕಾಲೇಜಿನಲ್ಲಿ ಲಿಸ್ಬನ್ ಊರಿನ ಬಗ್ಗೆ ಓದಿದೆ. 1755ರ ನವೆಂಬರ್ 1, ಕ್ರೈಸ್ತರ ಸಕಲ ಸಂತರ ಹಬ್ಬ. ಚರ್ಚ್ ತುಂಬ ಜನ ಇದ್ದಾಗಲೇ ಭೂಮಿ ನಡುಗಿತು. ಆಗಬಹುದಾದ ಲೋಕಗಳಲ್ಲಿ ದೇವರು ಆರಿಸಿದ್ದು ಇದ್ದುದರಲ್ಲೇ ಒಳ್ಳೆಯದನ್ನು ಅಂತ ಜರ್ಮನಿಯ ಲೈಬ್ನಿಜ್ 1710ರಲ್ಲಿ ಬರೆದಿದ್ದ. ಆ ಭೂಕಂಪ ಆದ ಮೇಲೆ ಯುರೋಪಿನಲ್ಲಿ ಬಹಳ ಜನಕ್ಕೆ ಆ ಮಾತು ನುಂಗಲು ಆಗಲಿಲ್ಲ. ನನಗೂ ಹಾಗೇ ಆಯಿತು. ತಡೆಯಲು ಮನಸ್ಸಿದ್ದು ಶಕ್ತಿ ಇಲ್ಲವೇ? ಶಕ್ತಿ ಇದ್ದು ಮನಸ್ಸಿಲ್ಲವೇ? ಎರಡೂ ಇದ್ದರೆ ಕೆಡುಕು ಎಲ್ಲಿಂದ ಬಂತು? ಗ್ರೀಕರ ಎಪಿಕ್ಯುರಸ್ ಹೆಸರಲ್ಲಿ ಹೇಳುವ ಈ ಪ್ರಶ್ನೆಗೆ ನನಗೆ ಇವತ್ತಿನವರೆಗೂ ಉತ್ತರ ಸಿಕ್ಕಿಲ್ಲ.

ಗುರುಗಳೇ, ನಿಮ್ಮ ವೈನಿಗೆ ಇದನ್ನು ಹೇಳಿ ಅಂತ ನಾನು ಅನ್ನುವುದಿಲ್ಲ. ಒಂದು ಮಾತ್ರ ಹೇಳಿ. ಆ ಕೂಸು ಏನೂ ಪಾಪ ಮಾಡಿರಲಿಲ್ಲ.

ಕೃಷ್ಣಾ_ದಂಡೆ

ಕಡೆಯ ಸಾಲನ್ನು ಓದಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ ಸರ್. ನಂಬದ ನಿಮ್ಮ ಮಾತು ನಂಬುವ ನನಗೆ ಇಷ್ಟು ಹತ್ತಿರ ಆಗುತ್ತದೆ ಅಂತ ಅಂದುಕೊಂಡಿರಲಿಲ್ಲ.

ರಾತ್ರಿ_ಪಾಳಿ (ಬೆಳಗಾವಿ)

ಗುರುಗಳೇ, ನಾನು ನರ್ಸ್. ಹದಿನೇಳು ವರ್ಷದಿಂದ ತೀವ್ರ ನಿಗಾ ಘಟಕದಲ್ಲಿದ್ದೇನೆ. ದೇವರ ಮಾತು ಆಮೇಲೆ. ಮೊದಲು ಹಾವಿನ ಮಾತು. ಯಾಕೆಂದರೆ ನಿಮ್ಮ ಮನೆಯವರೆಲ್ಲ ಒಳಗೊಳಗೇ "ನಾವು ನೋಡಬೇಕಿತ್ತು" ಅಂತ ಕೊರಗುತ್ತಿರುತ್ತೀರಿ.

ನೀವು ಬರೆದ ಲಕ್ಷಣ ನೋಡಿದರೆ ಅದು ಕಟ್ಟುಹಾವು. ರಾತ್ರಿ ಹೊತ್ತು ಓಡಾಡುವ ಹಾವು. ನೆಲದ ಮೇಲೆ ಮಲಗಿದವರಿಗೇ ಜಾಸ್ತಿ ಕಚ್ಚುತ್ತದೆ. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಉರಿ ಇಲ್ಲ, ಬಾವು ಇಲ್ಲ. ಗಾಯ ಸೂಜಿ ಚುಚ್ಚಿದಷ್ಟು. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಇಳಿಯುತ್ತದೆ, ಒಂದು ಎರಡಾಗಿ ಕಾಣುತ್ತದೆ, ನುಂಗಲು ಆಗುವುದಿಲ್ಲ. ಕೊನೆಗೆ ಉಸಿರಾಡುವ ಸ್ನಾಯುಗಳೇ ನಿಲ್ಲುತ್ತವೆ. ಹೊಟ್ಟೆನೋವು ಅಂತ ಓಂಕಾಳು ನೀರು ಕುಡಿಸಿದ್ದು ನಿಮ್ಮ ತಪ್ಪಲ್ಲ. ಓದಿದ ಡಾಕ್ಟರುಗಳೂ ಇದರಲ್ಲಿ ಮೋಸ ಹೋಗಿದ್ದನ್ನು ನೋಡಿದ್ದೇನೆ. ವಿಷದ ಔಷಧಿಯ ಜೊತೆ ಉಸಿರಾಟದ ಯಂತ್ರಕ್ಕೆ ಬೇಗ ಹಾಕಿದರೆ ಎಷ್ಟೋ ಜನ ಬದುಕುತ್ತಾರೆ. ಸತ್ತೇ ಹೋದರು ಅಂತ ತಿಳಿದವರು ಮೂರು ನಾಲ್ಕು ದಿನದ ಮೇಲೆ ಕಣ್ಣು ಬಿಟ್ಟಿದ್ದಾರೆ. ಹಾಗಾಗಿ ಮಂತ್ರ ಹಾಕಿಸಲು ಹೋದ ಒಂದೂವರೆ ತಾಸು, ಇಲ್ಲದ ಆ ಯಂತ್ರ, ಇವೆರಡನ್ನೂ ದೇವರ ಲೆಕ್ಕಕ್ಕೆ ಬರೆಯಬೇಡಿ. ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಅಂದಾಜು 58,000 ಜನ ಸಾಯುತ್ತಾರೆ. ಹೆಚ್ಚಿನವರು ಹಳ್ಳಿಯವರು, ಬಡವರು. ಕರ್ನಾಟಕದಲ್ಲಿ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಆಗಿದ್ದು 2024ರಲ್ಲಿ.

ಇನ್ನು ದೇವರ ಮಾತು. ನಾನು ಕ್ರೈಸ್ತಳು. ನಮ್ಮ ಬೈಬಲಿನಲ್ಲಿ ಯೋಬ ಅನ್ನುವವನ ಕಥೆ ಇದೆ. ಒಳ್ಳೆಯವನು. ಒಂದೇ ದಿನ ದನಕರು ಹೋದವು, ಹತ್ತು ಮಕ್ಕಳೂ ಸತ್ತರು. ಆಮೇಲೆ ಮೈತುಂಬ ಹುಣ್ಣು. ಮೂವರು ಗೆಳೆಯರು ಬಂದು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು. ಒಂದು ಮಾತೂ ಆಡಲಿಲ್ಲ. ಅಷ್ಟು ಮಾಡಿದ್ದೇ ಅವರ ದೊಡ್ಡ ಉಪಕಾರ. ಆಮೇಲೆ ಬಾಯಿ ತೆರೆದರು. "ನೀನು ಏನೋ ಪಾಪ ಮಾಡಿರಬೇಕು, ದೇವರು ಸುಮ್ಮಸುಮ್ಮನೆ ಶಿಕ್ಷೆ ಕೊಡುವುದಿಲ್ಲ" ಅಂದರು. ಯೋಬ ಒಪ್ಪಲಿಲ್ಲ. ದೇವರನ್ನೇ ಎದುರು ನಿಲ್ಲಿಸಿ ಕೇಳುತ್ತೇನೆ ಅಂದ. ಕೊನೆಗೆ ದೇವರಿಗೆ ಸಿಟ್ಟು ಬಂದದ್ದು ಯಾರ ಮೇಲೆ? ತನ್ನ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ. ನನ್ನ ಸೇವಕನಾದ ಯೋಬನ ಹಾಗೆ ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂದ.

ಯೋಬನಿಗೆ "ಯಾಕೆ" ಅನ್ನುವುದಕ್ಕೆ ಉತ್ತರ ಕೊನೆಗೂ ಸಿಗುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಈ ಕಥೆ ನನಗೆ ಅರ್ಧಕ್ಕೇ ನಿಂತ ಹಾಗೆ ಕಾಣುತ್ತಿತ್ತು. ಈಗ ಬೆಳಗಿನ ಮೂರು ಗಂಟೆಗೆ ಯಾರದೋ ಅವ್ವನ ಪಕ್ಕ ನಿಂತಾಗ ನನಗೆ ನೆನಪಾಗುವುದು ಆ ಏಳು ದಿನ ಮಾತ್ರ.

ಘಟಪ್ರಭಾ_ನೀರು (ಗೋಕಾಕ)

ಸಿಸ್ಟರ್ ಹೇಳಿದ ಲೆಕ್ಕದ ಮಾತು ನನಗೆ ತಾಗಿತು. ನಾನು ರೈತ. 2019ರ ಆಗಸ್ಟ್‌ನಲ್ಲಿ ನಮ್ಮ ಮನೆ ಹೋಯಿತು. ಮೇಲೆ ಘಟ್ಟದಲ್ಲಿ ಮಳೆ, ಹಿಡಕಲ್‌ನಿಂದ ನೀರು ಬಿಟ್ಟರು, ಲೋಳಸೂರ ಸೇತುವೆ ಮುಳುಗಿತು. ನಮ್ಮ ಗೋಡೆ ಮಣ್ಣಿನದು. ಕುಸಿಯುವ ಮೊದಲು ಮೆತ್ತಗಾಗಿ ಉಬ್ಬಿ ಬಂತು, ನೆನೆದ ರೊಟ್ಟಿಯ ಹಾಗೆ. ಒಂದು ಎಮ್ಮೆಯ ಕಣ್ಣಿ ಬಿಚ್ಚಲು ಆಗಲಿಲ್ಲ. ಅದು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ಪರಿಹಾರ ಕೇಂದ್ರದಲ್ಲಿ ಒಬ್ಬರು "ಗಂಗವ್ವ ಮುನಿದಾಳ" ಅಂದರು. ನಾನೂ ಹೂಂ ಅಂದೆ. ಆಮೇಲೆ ಯೋಚನೆ ಮಾಡಿದೆ. ಹೊಳೆಯ ಪಾತ್ರದಲ್ಲಿ ಮನೆ ಕಟ್ಟಿದವರು ನಾವು. ಕಟ್ಟಲು ಬಿಟ್ಟವರು ಯಾರೋ. ಡ್ಯಾಮಿನ ನೀರು ಯಾವಾಗ ಎಷ್ಟು ಬಿಡಬೇಕು ಅಂತ ನಿಶ್ಚಯಿಸುವವರು ಮನುಷ್ಯರೇ. ಹೊಳೆ ತನ್ನ ದಾರಿಯಲ್ಲಿ ಹೋಯಿತು.

ನಮ್ಮ ಮುತ್ತಜ್ಜನ ಕಾಲದ ಬರದ ಕಥೆಯೂ ಹಾಗೇ. 1876ರಿಂದ 78ರವರೆಗಿನ ಬರ. ಬೆಳಗಾವಿ, ಧಾರವಾಡ, ಆಗ ಕಲಾದಗಿ ಅಂತ ಕರೆಯುತ್ತಿದ್ದ ವಿಜಯಪುರ-ಬಾಗಲಕೋಟೆ ಸೀಮೆ, ಎಲ್ಲ ಒಣಗಿತು. ಮಳೆ ಬರಲಿಲ್ಲ ನಿಜ. ಆದರೆ ಆ ವರ್ಷಗಳಲ್ಲೂ ದೇಶದಿಂದ ಧಾನ್ಯ ಹಡಗು ಹತ್ತುತ್ತಲೇ ಇತ್ತು. ಪರಿಹಾರದ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಜೊತೆಗೆ ಒಂದಾಣೆ ಸಾಕು ಅಂತ ರಿಚರ್ಡ್ ಟೆಂಪಲ್ ಅನ್ನುವ ಅಧಿಕಾರಿ ಗೊತ್ತು ಮಾಡಿದ. ಒಂದು ಪೌಂಡ್ ಅಂದರೆ ಅರ್ಧ ಕಿಲೋಕ್ಕಿಂತ ಕಡಿಮೆ. ಹೊಲದಲ್ಲಿ ದುಡಿಯುವ ನನ್ನಂಥವನಿಗೆ ಅಷ್ಟು ಜೋಳದಲ್ಲಿ ಹೊಟ್ಟೆ ತುಂಬುತ್ತದಾ? ಆ ಪೌಂಡನ್ನು ತೂಗಿದ್ದು ದೇವರಲ್ಲ.

ದೇವರು ಮನುಷ್ಯನಿಗೆ ಬುದ್ಧಿ ಕೊಟ್ಟ, ಬೇಕಾದ ಹಾಗೆ ನಡೆಯುವ ಸ್ವಾತಂತ್ರ್ಯ ಕೊಟ್ಟ. ಕೆಡುಕು ಆ ಸ್ವಾತಂತ್ರ್ಯದಿಂದ ಬಂತು. ನಾನು ಇಷ್ಟು ನಂಬಿದ್ದೇನೆ.

ನವನಗರ_ಸೆಕ್ಟರ್

ಕಾಕಾ, ನಿಮ್ಮ ಮಾತಿನಲ್ಲಿ ಮುಕ್ಕಾಲು ಭಾಗ ಒಪ್ಪುತ್ತೇನೆ. ಕಿಲ್ಲಾರಿಯಲ್ಲೂ ಜನ ಸತ್ತದ್ದು ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಅದರ ಮೇಲಿನ ಭಾರದ ಮಣ್ಣಿನ ಮಾಳಿಗೆ ಬಿದ್ದು. ಆದರೆ ಉಳಿದ ಕಾಲು ಭಾಗ? ಕಟ್ಟುಹಾವಿನ ಹಲ್ಲಿನಲ್ಲಿ ವಿಷ ಇಟ್ಟದ್ದು ಮನುಷ್ಯನ ಸ್ವಾತಂತ್ರ್ಯ ಅಲ್ಲ. ಕಷ್ಟ ಮನುಷ್ಯನನ್ನು ಪುಟಕ್ಕಿಟ್ಟ ಚಿನ್ನ ಮಾಡುತ್ತದೆ ಅಂತಲೂ ಹೇಳುತ್ತಾರೆ. ಆರು ವರ್ಷಕ್ಕೇ ಹೋದ ಕೂಸು ಯಾವ ಚಿನ್ನ ಆಗಬೇಕಿತ್ತು? ವೈನಿ ಗಟ್ಟಿಯಾಗಲಿ ಅಂತ ಕೂಸನ್ನು ಕರೆದುಕೊಂಡ ಅಂದರೆ ಅದು ಇನ್ನೂ ಕೆಟ್ಟ ಮಾತು.

ಘಟಪ್ರಭಾ_ನೀರು

ಹೌದು ತಮ್ಮಾ. ಆ ಕಾಲು ಭಾಗಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಎಮ್ಮೆಯ ಕೂಗಿಗೂ ಇಲ್ಲ.

ಬಸ್ತಿ_ಗಲ್ಲಿ (ಬೆಳಗಾವಿ)

ನಮಸ್ಕಾರ. ನಾನು ಜೈನ. ನಮ್ಮಲ್ಲಿ ಈ ಪ್ರಶ್ನೆ ಈ ರೂಪದಲ್ಲಿ ಏಳುವುದೇ ಇಲ್ಲ. ಲೋಕವನ್ನು ಮಾಡಿದ, ನಡೆಸುವ ದೇವರನ್ನು ನಾವು ನಂಬುವುದಿಲ್ಲ. ಕೋಟೆಯೊಳಗೆ 1204ರ ಕಮಲ ಬಸ್ತಿ ಇದೆಯಲ್ಲ, ಅಲ್ಲಿ ಕೈ ಮುಗಿಯುವಾಗ ನಾನು ನೇಮಿನಾಥ ತೀರ್ಥಂಕರರಿಂದ ಏನೂ ಬೇಡುವುದಿಲ್ಲ. ಅವರು ಕೊಡುವವರೂ ಅಲ್ಲ, ಶಿಕ್ಷಿಸುವವರೂ ಅಲ್ಲ. ದಾರಿ ದಾಟಿ ತೋರಿಸಿದವರು.

ಆದರೆ ಕರ್ಮವನ್ನು ನಾವು ನಂಬುತ್ತೇವೆ. ಅದಕ್ಕೇ ಸೂತ್ರಪಾಠರ ಪರವಾಗಿ ಒಂದು ಮಾತು, ಅವರಿಗೆ ವಿರುದ್ಧವಾಗಿ ಒಂದು ಮಾತು. ಕರ್ಮ ಅನ್ನುವುದು ನನಗೆ ನನ್ನ ನಡತೆ ತಿದ್ದಿಕೊಳ್ಳಲು ಕೊಟ್ಟ ಕನ್ನಡಿ. ಅದನ್ನು ಇನ್ನೊಬ್ಬರ ಮುಖಕ್ಕೆ ಹಿಡಿಯುವ ಹಕ್ಕು ನನಗೆ ಯಾರೂ ಕೊಟ್ಟಿಲ್ಲ. ನೊಂದವರನ್ನು ಕಂಡಾಗ ಮನಸ್ಸು ಕರಗದಿದ್ದರೆ, ಅಂದರೆ ಅನುಕಂಪೆ ಇಲ್ಲದಿದ್ದರೆ, ನಮ್ಮ ಶ್ರದ್ಧೆಯೇ ಸರಿಯಿಲ್ಲ ಅಂತ ನಮಗೆ ಹೇಳಿಕೊಟ್ಟಿದ್ದಾರೆ.

ಹಾವಿನ ಬಗ್ಗೆ ಸ್ವಲ್ಪ. ಪಾರ್ಶ್ವನಾಥರು ಉರಿಯುವ ಕಟ್ಟಿಗೆಯೊಳಗೆ ಸಿಕ್ಕಿಬಿದ್ದ ಹಾವುಗಳ ಮೇಲೆ ಕರುಣೆ ತೋರಿದ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೆಲ್ಲ ಗೊತ್ತು. ಅವರ ತಲೆಯ ಮೇಲಿನ ಹೆಡೆ ಅದರ ಗುರುತು. ಆ ರಾತ್ರಿ ಬಂದ ಹಾವಿಗೂ ಕೂಸಿನ ಮೇಲೆ ಹಗೆ ಇರಲಿಲ್ಲ. ಮಳೆಗೆ ಬಿಲ ತುಂಬಿರಬೇಕು, ಒಣ ಜಾಗ ಹುಡುಕುತ್ತಾ ಬಂದಿರಬೇಕು. ಇದು ತಾಯಿಗೆ ಸಮಾಧಾನ ಕೊಡುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಶಿಕ್ಷೆ ಕೊಡಲು ಅದನ್ನು ಯಾರೂ ಕಳಿಸಿರಲಿಲ್ಲ ಅಂತ ಮಾತ್ರ ನಾನು ಹೇಳಬಲ್ಲೆ.

ಜೋಗುಳಬಾವಿ_ಅಕ್ಕ (ಸವದತ್ತಿ)

ನಾನು ಓದಿದ್ದು ಏಳನೇ ಇಯತ್ತೆ. ತಪ್ಪಿದ್ದರೆ ತಿದ್ದಿ.

ಇಪ್ಪತ್ತು ವರ್ಷದಿಂದ ಮುತ್ತು ಕಟ್ಟಿಸಿಕೊಂಡ, ಅಂದರೆ ದೇವದಾಸಿ ಮಾಡಿದ, ಹೆಣ್ಣುಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ನಮ್ಮ ದೊಡ್ಡವ್ವನಿಗೂ ಹತ್ತನೇ ವಯಸ್ಸಿಗೆ ಮುತ್ತು ಕಟ್ಟಿದ್ದರು. ತಲೆಕೂದಲು ಗಂಟಾಗಿ ಜಡೆ ಬಂದಿತ್ತು. ಎಲ್ಲಮ್ಮ ಕರೆದಳು ಅಂದರು. ತಲೆಗೆ ಎಣ್ಣೆ ಇಲ್ಲ, ಬಾಚುವವರಿಲ್ಲ, ಅದಕ್ಕೆ ಗಂಟಾಗಿತ್ತು, ಅಷ್ಟೇ. ಆಮೇಲಿನ ಬದುಕು ನಾನು ಬರೆಯುವುದಿಲ್ಲ. ನಿಮಗೆಲ್ಲ ಗೊತ್ತಿದೆ. ಮುಂಬೈ ಪ್ರಾಂತ್ಯದಲ್ಲಿ 1934ರಲ್ಲೇ ಇದರ ವಿರುದ್ಧ ಕಾಯ್ದೆ ಬಂತು. ಕರ್ನಾಟಕದ್ದು 1982ರ ಕಾಯ್ದೆ. ಆದರೂ ಕದ್ದುಮುಚ್ಚಿ ನಡೆಯಿತು.

ದೊಡ್ಡವ್ವನಿಗೂ ಜನ ಹೇಳಿದ್ದು ಇದೇ. "ಹಿಂದಿನ ಜನ್ಮದ ಕರ್ಮ, ದೇವಿಯ ಇಚ್ಛೆ, ತೀರಿಸಲೇಬೇಕು." ಆ ಮಾತು ಹೇಳಿದ್ದಕ್ಕೇ ಅವಳು ನಲವತ್ತು ವರ್ಷ ಬಾಯಿ ಮುಚ್ಚಿಕೊಂಡು ಇದ್ದಳು. ಹಾಗಾಗಿ ಆ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ, ತಪ್ಪು ತಿಳಿಯಬೇಡಿ. ಎಷ್ಟೋ ಹುಡುಗಿಯರ ಜಡೆಯನ್ನು ನನ್ನ ಕೈಯಿಂದಲೇ ಕತ್ತರಿಸಿದ್ದೇನೆ. ಮೊದಲ ಸಲ ಕತ್ತರಿ ಹಿಡಿದಾಗ ಕೈ ನಡುಗಿತು. ದೇವಿ ಶಾಪ ಕೊಟ್ಟರೆ ಅಂತ. ಆ ಹುಡುಗಿ ತಲೆ ತೊಳೆದುಕೊಂಡು ಬಂದು ಕನ್ನಡಿ ನೋಡಿ ನಕ್ಕಳು. ಆಗ ನನಗೆ ಅನ್ನಿಸಿತು, ಎಲ್ಲಮ್ಮನೂ ನಗುತ್ತಿರಬೇಕು ಅಂತ.

ನಾನು ಇನ್ನೂ ಗುಡ್ಡಕ್ಕೆ ಹೋಗುತ್ತೇನೆ. ಬಹಳ ಜನ ಕೇಳುತ್ತಾರೆ, ಇಷ್ಟಾದ ಮೇಲೂ ಹೇಗೆ ನಂಬುತ್ತೀ ಅಂತ. ನೋಡಿ, ರೇಣುಕಾ, ಅಂದರೆ ನಮ್ಮ ಎಲ್ಲಮ್ಮ, ಯಾರು? ಗಂಡ ಅಪ್ಪಣೆ ಕೊಟ್ಟ, ಮಗ ತಲೆ ಕಡಿದ. ಅವಳದ್ದೇನು ತಪ್ಪಿತ್ತು? ರಂಡಿ ಹುಣ್ಣಿಮೆಗೆ ಅವಳ ಹೆಸರಲ್ಲೇ ಬಳೆ ಒಡೆಯುತ್ತಾರೆ. ಮುತ್ತೈದೆ ಹುಣ್ಣಿಮೆಗೆ ಮತ್ತೆ ಹಾಕುತ್ತಾರೆ. ನಾನು ಕೈ ಮುಗಿಯುವುದು ತಪ್ಪಿಲ್ಲದೆ ಪೆಟ್ಟು ತಿಂದ ಆ ತಾಯಿಗೆ. ಎಲ್ಲವನ್ನೂ ಮೇಲೆ ಕೂತು ನಡೆಸುವವಳು ಅಂತ ಅವಳನ್ನು ನಾನು ಯಾವತ್ತೂ ಅಂದುಕೊಂಡಿಲ್ಲ. ನನ್ನ ಪಕ್ಕ ಕೂತವಳು ಅಂತ ಅಂದುಕೊಂಡಿದ್ದೇನೆ.

ಗುರುಗಳೇ, ನಿಮ್ಮ ವೈನಿಗೆ ಹಾಲೆರೆ ಅಂತಲೂ ಹೇಳಬೇಡಿ, ಬೇಡ ಅಂತಲೂ ಹೇಳಬೇಡಿ. ಬೈಯಬೇಕು ಅನ್ನಿಸಿದರೆ ಬೈಯಲಿ. ಹೆಣ್ಣುಮಕ್ಕಳ ಬೈಗುಳ ನಮ್ಮ ದೇವರಿಗೆ ಹೊಸದೇನಲ್ಲ.

ಸೂತ್ರಪಾಠ

ನಾಲ್ಕು ದಿನ ಬರೆಯಲಿಲ್ಲ. ನನಗೆ ಮೊದಲು ನೋವಾಗಿತ್ತು. ಜೋಗುಳಬಾವಿ ಅಕ್ಕನವರು ಬರೆದದ್ದನ್ನು ಎರಡು ಸಲ ಓದಿದೆ.

ಸೂತ್ರ ಸುಳ್ಳು ಅಂತ ನಾನು ಹೇಳಲಾರೆ. ಆದರೆ ಅದು ಯಾರಿಗೆ ಹೇಳಿದ ಉತ್ತರ ಅನ್ನುವುದನ್ನು ನಾನು ನೋಡಿರಲಿಲ್ಲ. "ದೇವರು ಕ್ರೂರಿಯೇ" ಅಂತ ತರ್ಕ ಮಾಡುವವರಿಗೆ ಕೊಟ್ಟ ಉತ್ತರ ಅದು. "ನನ್ನ ಕೂಸು ಯಾಕೆ" ಅಂತ ಕೇಳುವ ತಾಯಿಗೆ ಕೊಟ್ಟದ್ದಲ್ಲ. ಆ ಕೂಸಿನ ಯಾವ ಕರ್ಮ, ಯಾವ ಜನ್ಮದ್ದು ಅಂತ ಯಾವ ಸೂತ್ರವೂ ಹೇಳುವುದಿಲ್ಲ. ಸಂಸಾರ ಅನಾದಿ ಅಂದ ಮೇಲೆ ಎಷ್ಟು ಹಿಂದೆ ಹೋದರೂ ಮೊದಲ ಕಾರಣ ಕೈಗೆ ಸಿಗುವುದಿಲ್ಲ ಅಂತಲೇ ಅರ್ಥ. ನಾನು ನನಗೆ ಗೊತ್ತಿಲ್ಲದ್ದನ್ನು ಗೊತ್ತಿರುವವನ ಹಾಗೆ ಹೇಳಿದೆ.

ನಮ್ಮ ತಂದೆಯವರು ತೀರಿಕೊಂಡಾಗ ಮನೆಗೆ ಬಂದ ಒಬ್ಬ ಆಚಾರ್ಯರು ಒಂದೂ ಶ್ಲೋಕ ಹೇಳಲಿಲ್ಲ. ಅಡುಗೆಮನೆಗೆ ಹೋಗಿ ತಾವೇ ಚಹಾ ಮಾಡಿ ನನ್ನ ತಾಯಿಗೆ ಕೊಟ್ಟರು. ಆ ಚಹಾ ಮರೆತು ಸೂತ್ರ ಬರೆದೆ. ಗುರುಗಳೇ, ಕ್ಷಮಿಸಿ.

ಗುಮ್ಮಟದ_ನೆರಳು (ವಿಜಯಪುರ)

ಸೂತ್ರಪಾಠ ಸರ್, ನಿಮ್ಮ ಮೇಲಿನ ಗೌರವ ಜಾಸ್ತಿ ಆಯಿತು.

ಸಿಸ್ಟರ್ ಹೇಳಿದ ಯೋಬ ನಮ್ಮ ಅಯ್ಯೂಬ್. ಖುರಾನಿನ 21ನೇ ಅಧ್ಯಾಯದಲ್ಲಿ ಅವರ ಪ್ರಾರ್ಥನೆ ಇದೆ. ಬಹಳ ಚಿಕ್ಕದು. ನನಗೆ ಸಂಕಟ ತಟ್ಟಿದೆ, ನೀನು ಕರುಣೆ ಇರುವವರಲ್ಲಿ ಎಲ್ಲರಿಗಿಂತ ಹೆಚ್ಚು ಕರುಣೆ ಇರುವವನು. ಅಷ್ಟೇ. ಯಾಕೆ ಅಂತ ಕೇಳಿಲ್ಲ. ಹೀಗೆ ಮಾಡು ಅಂತಲೂ ಹೇಳಿಲ್ಲ. ಎರಡು ಮಾತನ್ನು ಪಕ್ಕಪಕ್ಕ ಇಟ್ಟು ಸುಮ್ಮನಾಗಿದ್ದಾರೆ.

2021ರ ಮೇ ತಿಂಗಳಲ್ಲಿ ನಮ್ಮ ಅಬ್ಬಾ ಹೋದರು. ಕೊರೊನಾದ ಎರಡನೇ ಅಲೆ. ಮೂರು ಆಸ್ಪತ್ರೆ ತಿರುಗಿದೆವು. ನಮ್ಮ ಅಜ್ಜಿಗೆ ಎಂಬತ್ತು ದಾಟಿತ್ತು. ಮಗನ ಮುಖ ನೋಡಲು ಸಿಗಲಿಲ್ಲ. ಆ ರಾತ್ರಿ ಜಾಯನಮಾಜಿನ ಮೇಲೆ ಕೂತು ಜೋರಾಗಿ ಅತ್ತರು. ಯಾರೋ "ಸಬರ್ ಮಾಡಿ" ಅಂದರು. ಅಜ್ಜಿ ತಿರುಗಿ ನೋಡಿ, "ಅಳೂದು ಸಬರ್ ಅಲ್ಲ ಅಂದವರ್ಯಾರು?" ಅಂದರು. ಸಬರ್ ಅಂದರೆ ನೋವೇ ಇಲ್ಲದ ಹಾಗೆ ಇರುವುದು ಅಂತ ನಾನು ತಿಳಿದಿದ್ದೆ. ಅಳುತ್ತಲೂ ಆ ಚಾಪೆ ಬಿಟ್ಟು ಏಳದೇ ಇರುವುದನ್ನು ಆವತ್ತು ನೋಡಿದೆ.

ಕೃಷ್ಣಾ_ದಂಡೆ

ಎಲ್ಲರಿಗೂ ಶರಣು. ನಿಮ್ಮೆಲ್ಲರ ಮಾತನ್ನು ಅಣ್ಣನಿಗೆ ಓದಿ ಹೇಳಿದೆ. ಅವನು ಏನೂ ಅನ್ನಲಿಲ್ಲ. ಮರುದಿನ, "ಸಂಗಮಕ್ಕ ಹೋಗಿ ಬರೂಣು" ಅಂದ.

ಭಾನುವಾರ ಕೂಡಲಸಂಗಮಕ್ಕೆ ಹೋದೆವು. ಕೃಷ್ಣೆ ಮಲಪ್ರಭೆ ಎರಡೂ ಕೆಂಪಗೆ ತುಂಬಿದ್ದವು. ಮೆಟ್ಟಿಲ ಮೇಲೆ ಕೂತಾಗ ನನಗೆ ಬಸವಣ್ಣನವರ ಒಂದು ವಚನ ನೆನಪಾಯಿತು. ಮಕ್ಕಳಿಗೆ ಎಷ್ಟೋ ಸಲ ಬಾಯಿಪಾಠ ಮಾಡಿಸಿದ್ದೇನೆ. ಒಲೆ ಹತ್ತಿ ಉರಿದರೆ ನಿಲ್ಲಬಹುದು, ಭೂಮಿಯೇ ಹತ್ತಿ ಉರಿದರೆ ಎಲ್ಲಿ ನಿಲ್ಲುವುದು? ಬೇಲಿಯೇ ಹೊಲ ಮೇಯ್ದರೆ, ತಾಯಿಯ ಎದೆಹಾಲೇ ನಂಜಾಗಿ ಕೊಂದರೆ, ಯಾರಿಗೆ ದೂರು ಹೇಳಲಿ? ಹೀಗೆ ಕೇಳುತ್ತಾರೆ. ಕೇಳುವುದು ಯಾರನ್ನು? ಕೂಡಲಸಂಗಮದೇವನನ್ನೇ. ಇಷ್ಟು ವರ್ಷ ಕಲಿಸಿದರೂ ನಾನು ಇದನ್ನು ಗಮನಿಸಿರಲಿಲ್ಲ. ಅದರಲ್ಲಿ ಉತ್ತರ ಇಲ್ಲ. ದೂರು ಮಾತ್ರ ಇದೆ. ಅದೂ ವಚನವೇ. ಅದನ್ನೂ ನಾವು ಕೈ ಮುಗಿದು ಹೇಳುತ್ತೇವೆ.

ಸಂಜೆ ಬಂದು ವೈನಿಯ ಹತ್ತಿರ ಕೂತೆ. ಕಟ್ಟಿಯ ಮೇಲೆ ಕಾಳು ಹಸನು ಮಾಡುತ್ತಿದ್ದರು. "ವೈನಿ, ಕೂಸು ಏನೂ ಪಾಪ ಮಾಡಿರಲಿಲ್ಲ" ಅಂದೆ. "ನೀವೂ ಮಾಡಿರಲಿಲ್ಲ. ಯಾಕ ಹಿಂಗಾತು ಅಂತ ನನಗ ಗೊತ್ತಿಲ್ಲ." ಅವರು ಮೊರ ಕೆಳಗಿಟ್ಟರು. ಹನ್ನೊಂದು ತಿಂಗಳಿಂದ ಅವರು ನಮ್ಮೆದುರು ಅತ್ತಿರಲಿಲ್ಲ. ಆವತ್ತು ಅತ್ತರು. ನಾನೂ ಸುಮ್ನೆ ಕೂತೆ. ಅವ್ವ ಒಳಗಿಂದ ಬಂದು ಅವರ ಬೆನ್ನಿಗೆ ಕೈ ಇಟ್ಟುಕೊಂಡು ಕೂತಳು.

ರಾತ್ರಿ_ಪಾಳಿ

ಒಳ್ಳೆಯದಾಯಿತು ಗುರುಗಳೇ. ಇನ್ನೊಂದು ಮಾತು ಹೇಳಲೇಬೇಕು. ಮಳೆಗಾಲ ಇನ್ನೂ ಇದೆ. ಮನೆಯಲ್ಲಿ ಯಾರೂ ನೆಲದ ಮೇಲೆ ಮಲಗಬೇಡಿ. ಹೊರಸಾದರೂ ಸರಿ. ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ರಾತ್ರಿ ಎದ್ದರೆ ಟಾರ್ಚ್ ಇರಲಿ. ಮಗು ಬೆಳಗಿನ ಜಾವ ಹೊಟ್ಟೆನೋವು ಅಂದು ರೆಪ್ಪೆ ಇಳಿದರೆ ಒಂದು ನಿಮಿಷ ಕಾಯದೆ ಯಂತ್ರ ಇರುವ ಆಸ್ಪತ್ರೆಗೆ ಒಯ್ಯಿರಿ. ಊರಲ್ಲೂ ಹೇಳಿ.

ಕೃಷ್ಣಾ_ದಂಡೆ

ಹೇಳಿದ್ದೇನೆ ಅಕ್ಕಾ. ಶಾಲೆಯ ಪಾಲಕರ ಸಭೆಯಲ್ಲಿ ನಿಮ್ಮ ಮಾತನ್ನು ಹಾಗೇ ಓದಿದೆ. ಮಂತ್ರ ಹಾಕುವವರೂ ಬಂದಿದ್ದರು. "ಇನ್ನ ಮುಂದ ಬಂದವರನ್ನ ನಾನ ಆಸ್ಪತ್ರಿಗೆ ಕಳಸ್ತೇನಿ" ಅಂತ ಎದ್ದು ನಿಂತು ಹೇಳಿದರು. ಅವರ ಕಣ್ಣಲ್ಲೂ ನೀರಿತ್ತು. ಅಣ್ಣ ಎರಡು ಹೊರಸು ಹೆಣೆದ. ಈಗ ಓಣಿಯವರಿಗೂ ಹೆಣೆದು ಕೊಡುತ್ತಿದ್ದಾನೆ.

ಇವತ್ತು ಪಂಚಮಿ. ಬೆಳಿಗ್ಗೆ ವೈನಿ ತಲೆ ಮೇಲೆ ನೀರು ಹಾಕಿಕೊಂಡು ತಾವಾಗಿಯೇ ಹಾಲಿನ ತಂಬಿಗೆ ಹಿಡಿದು ಹೊರಟರು. ನಾನು ಹಿಂದೆ ಹೋದೆ. ಕಲ್ಲಿನ ನಾಗಪ್ಪನ ಮುಂದೆ ಬಹಳ ಹೊತ್ತು ನಿಂತರು. ಕೈ ಮುಗಿಯಲಿಲ್ಲ. ಯಾರ ಪಾಲನ್ನೂ ಹೇಳಲಿಲ್ಲ. ಒಂದು ಹನಿ ಹಾಲನ್ನೂ ಎರೆಯಲಿಲ್ಲ. ಹಾಗೇ ತಿರುಗಿ ಮನೆಗೆ ಬಂದು, ಗ್ವಾದಲಿಯ ಹತ್ತಿರ ಕೂತು, ತಂಬಿಗೆಯ ಹಾಲನ್ನು ಬೋಗುಣಿಗೆ ಸುರಿದು ಕರುವಿನ ಮುಂದೆ ಇಟ್ಟರು. ಹೋದ ವರ್ಷದ ಕರು ಈಗ ದೊಡ್ಡದಾಗಿದೆ, ಹಾಲು ಕುಡಿಯುವ ವಯಸ್ಸಲ್ಲ. ಆದರೂ ಮೂಗು ಇಳಿಸಿ ಅಷ್ಟೂ ಕುಡಿಯಿತು. ಕುಡಿಯುವವರೆಗೂ ವೈನಿ ಅದರ ಕೊರಳ ಮೇಲೆ ಕೈ ಇಟ್ಟುಕೊಂಡಿದ್ದರು.